ಸಮಾಧಿ ಸಂಸ್ಕಾರವೂ ಮಾನವ ವಿಕಾಸವೂ

ಮಾನವನು ಕೆಳಗಿನ ಪ್ರಾಣಿವರ್ಗದಿಂದ ಕ್ರಮಕ್ರಮವಾಗಿ ವಿಕಾಸಹೊಂದಿ ಇಂದಿನ ಸ್ಥಿತಿಗೆ ಬಂದನೆಂಬ ಸಿದ್ಧಾಂತವನ್ನು ಆಂಗ್ಲ ಪಂಡಿತನಾದ ಚಾರ್ಲ್ಸ್ ಡಾರ್ವಿನನು 1859ರ ತನ್ನ ಗ್ರಂಥದಲ್ಲಿ ಇಂಗಿತವಾಗಿ ಸೂಚಿಸಿ, 1871ರ ಗ್ರಂಥದಲ್ಲಿ ಬಹಿರಂಗವಾಗಿ ಪ್ರತಿಪಾದಿಸಿದನು. ಅಂದಿನಿಂದ ಧಾರ್ಮಿಕರಲ್ಲಿ ಎರಡು ಬಗೆಯ ನಿಲವುಗಳು ಕಂಡುಬರುತ್ತಿವೆ. ಕೆಲವರು ಈ ಮಾತು ನಿಜವಾದರೆ ಧರ್ಮಕ್ಕೆ ನೆಲೆಯಿಲ್ಲದಂತಾಗುವುದೆಂದು ಭಯಪಟ್ಟು ಅದರ ಹೆಸರನ್ನೇ ಎತ್ತಗೊಡರು. ಇನ್ನು ಕೆಲವರು, ಇದೆಲ್ಲವೂ ನಮ್ಮ ಆಗಮಗಳಲ್ಲಿ ಎಂದೋ ಹೇಳಲ್ಪಟ್ಟಿದೆಯೆಂದು ಮೀಸೆಯ ಮೇಲೆ ಕೈಯಾಡಿಸುವರು. ಶೈವಾಗಮಗಳು ಬದ್ಧಜೀವನನ್ನು ‘ಪಶು’ ಎಂದು ಕರೆದಿರುವುದುಂಟು. ಪಾಶವನ್ನು ಹರಿದುಕೊಂಡು ಪತಿಯನ್ನು ಸೇರುವುದೇ ಆ ಪಶುವಿನ ಗುರಿಯೆಂದು ಹೇಳಿರುವುದೂ ಉಂಟು. ಆದರೆ ಅಲ್ಲಿಯ ಪಶುಶಬ್ದಕ್ಕೆ ಪಾಶದಿಂದ ಕಟ್ಟುವಡೆದುದು ಎಂಬುದೇ ಅರ್ಥ. ಅದನ್ನು ಹಿಡಿದು ಆಗಮಕಾರರು ಡಾರ್ವಿನನಿಗಿಂತ ಮೊದಲೇ ವಿಕಾಸವಾದವನ್ನು ಹೇಳಿದರೆಂದು ಸಾರುವುದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ.

ನಮ್ಮ ರಾಜರಾಜೇಶ್ವರಿನಗರದ ಮಗ್ಗುಲಲ್ಲಿಯೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಇದೆ. ಅಲ್ಲಿ ವ್ಯಾಸಂಗಮಾಡುವ ಭಕ್ತರ ಮಕ್ಕಳು ಮಠಕ್ಕೆ ಬಂದಾಗ ಕೇಳುವ ಪ್ರಶ್ನೆ ಒಂದುಂಟು: ಮನುಷ್ಯನ ದೇಹವು ಹೀಗೆ ವಿಕಾಸವಾಯಿತೆಂದರೆ, ಅವನ ಧರ್ಮವು ಎಲ್ಲಿಂದ ಬಂದಿತು? ಅದೂ ಹೀಗೆಯೇ ಬೆಳೆದುಬಂದುದೊ, ಅಥವಾ ಮೇಲಿನಿಂದ ಇಳಿದುಬಂದುದೊ? ಈ ಪ್ರಶ್ನೆಗೆ ವಾದದಿಂದ ಉತ್ತರ ಹೇಳಹೊರಟರೆ ಮುಗಿಯುವ ಹಾಗಿಲ್ಲ. ಆದುದರಿಂದ ಒಂದೇ ಒಂದು ಆಚಾರವನ್ನು ಹಿಡಿದು, ಅದು ನಮ್ಮ ನಾಡಿನ ಮಣ್ಣಿನಲ್ಲಿ ಹೇಗೆ ನಡೆದುಬಂದಿತೆಂಬುದನ್ನು ಯಥಾಮತಿ ನೋಡುವುದು ಒಳ್ಳೆಯದೆಂದು ತೋರುತ್ತದೆ. ಆ ಆಚಾರವು ಸತ್ತವರನ್ನು ಮಣ್ಣಿಗೆ ಕೊಡುವುದು.

ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಆದಿಮಾನವನು ಏನು ಪ್ರಾರ್ಥಿಸಿದನು, ಯಾವ ಹೆಸರಿನಿಂದ ದೇವರನ್ನು ಕರೆದನು, ಬೆಂಕಿಯ ಸುತ್ತ ಕುಳಿತು ಯಾವ ಕಥೆಯನ್ನು ಹೇಳಿದನು ಎಂಬುದಕ್ಕೆ ಕುರುಹು ಉಳಿಯಲಾರದು. ಮಾತು ಗಾಳಿಯಲ್ಲಿ ಹೋಯಿತು. ಆದರೆ ಅವನು ತನ್ನವರ ಹೆಣವನ್ನು ನರಿನಾಯಿಗಳಿಗೆ ಬಿಟ್ಟುಕೊಡದೆ, ಕುಳಿ ತೋಡಿ, ಒಂದು ಕ್ರಮದಲ್ಲಿ ಮಲಗಿಸಿದನಾದರೆ ಅದರ ಗುರುತು ಲಕ್ಷವರ್ಷಗಳಾದರೂ ನೆಲದಲ್ಲಿ ಉಳಿಯುತ್ತದೆ. ಇಸ್ರೇಲ್ ದೇಶದ ಕಫ್ಜೆ ಎಂಬ ಗುಹೆಯಲ್ಲಿ ಸುಮಾರು ಒಂದು ಲಕ್ಷ ವರ್ಷಗಳಷ್ಟು ಹಿಂದಿನ ಹೂಳಿಕೆಗಳು ದೊರೆತಿವೆ. ಅಲ್ಲಿಯ ಒಬ್ಬ ಬಾಲಕನ ಶವದೊಡನೆ ಜಿಂಕೆಯ ಕೊಂಬುಗಳನ್ನು ಇಟ್ಟಿದ್ದರು. ಆಫ್ರಿಕಾ ಖಂಡದ ಕೀನ್ಯಾ ದೇಶದಲ್ಲಿ ಪಾಂಗಾ ಯಾ ಸೈದಿ ಎಂಬ ಗುಹೆಯಲ್ಲಿ ದೊರೆತ ಶಿಶುವಿನ ವಿಷಯವು 2021ರಲ್ಲಿ ಪ್ರಕಟವಾಯಿತು. ಎರಡೂವರೆ ಮೂರು ವರ್ಷದ ಆ ಮಗುವನ್ನು ಸುಮಾರು 78,000 ವರ್ಷಗಳ ಹಿಂದೆ ಯಾರೋ ಕಾಲು ಮಡಿಸಿ, ಮೈಗೆ ಏನನ್ನೋ ಸುತ್ತಿ, ತಲೆಯ ಕೆಳಗೆ ದಿಂಬಿನಂತಹ ಆಸರೆ ಕೊಟ್ಟು ಮಲಗಿಸಿದ್ದರೆಂದು ವಿದ್ವಾಂಸರು ಎಲುಬುಗಳ ಸ್ಥಿತಿಯಿಂದ ಊಹಿಸಿದ್ದಾರೆ. ತಲೆದಿಂಬು! ಸತ್ತ ಮಗುವಿಗೆ ತಲೆದಿಂಬಿನಿಂದ ಯಾವ ಲೌಕಿಕ ಪ್ರಯೋಜನವೂ ಇಲ್ಲ. ಪ್ರಯೋಜನವಿಲ್ಲದ ಈ ಕಾರ್ಯವನ್ನು ಮಾಡಿದ ಕೈಯಲ್ಲಿಯೇ ಧರ್ಮದ ಮೊದಲ ಚಿಹ್ನೆಯನ್ನು ಕಾಣಬೇಕೆಂದು ನನ್ನ ಅಭಿಪ್ರಾಯ.

ಫ್ರಾನ್ಸ್ ದೇಶದಲ್ಲಿ 1908ರಲ್ಲಿ ದೊರೆತ ನಿಯಾಂಡರ್ತಲ್ ವರ್ಗದ ವೃದ್ಧನೊಬ್ಬನ ಅಸ್ಥಿಪಂಜರವೂ ಇಲ್ಲಿ ಸ್ಮರಣೀಯ. ಅವನ ಹಲ್ಲುಗಳಲ್ಲಿ ಹೆಚ್ಚಿನವು ಸಾಯುವುದಕ್ಕಿಂತ ಬಹಳ ಮೊದಲೇ ಉದುರಿಹೋಗಿದ್ದುವು. ಕಠಿನ ಜೀವನದ ಆ ಕಾಲದಲ್ಲಿ ಅವನು ಅಷ್ಟು ದಿವಸ ಬದುಕಿದ್ದನೆಂದರೆ ನೆರೆಯವರು ಅವನನ್ನು ಪೋಷಿಸಿರಬೇಕೆಂದು ಅನೇಕ ಪಂಡಿತರು ಹೇಳುತ್ತಾರೆ. ಪರಸ್ಪರ ಮರುಕವುಳ್ಳ ಗುಂಪುಗಳು ಮರುಕವಿಲ್ಲದ ಗುಂಪುಗಳಿಗಿಂತ ಹೆಚ್ಚಾಗಿ ಉಳಿದುಬಂದವೆಂದು ಡಾರ್ವಿನನೂ 1871ರ ಗ್ರಂಥದಲ್ಲಿ ಬರೆದನು. ಅಲ್ಲಿಯೇ ಅವನು ಭಕ್ತಿಯ ಉಗಮವನ್ನು ವಿಚಾರಿಸುತ್ತ, ನಾಯಿಗೆ ಒಡೆಯನಲ್ಲಿರುವ ಪ್ರೀತಿಯಲ್ಲಿ ಅದರ ದೂರದ ಛಾಯೆ ಇರಬಹುದೆಂದನು. ಇದನ್ನು ಕೇಳಿ ಆ ದೇಶದ ಪಾದ್ರಿಗಳಿಗೆ ಸಿಟ್ಟು ಬಂದಿದ್ದರೆ ಆಶ್ಚರ್ಯವಿಲ್ಲ. ಭೃತ್ಯಾಚಾರವನ್ನೇ ಪಂಚಾಚಾರಗಳಲ್ಲಿ ಒಂದಾಗಿ ಎಣಿಸಿದ ನಮಗೆ ಅದು ಅಷ್ಟೊಂದು ಅಪಮಾನವಾಗಿ ತೋರಲಾರದು.

ಇನ್ನು ನಮ್ಮ ನಾಡಿಗೆ ಬರೋಣ. ಯಾದಗಿರಿ ಜಿಲ್ಲೆಯ ಹುಣಸಗಿಯ ಹತ್ತಿರ ಇಸಾಂಪುರವೆಂಬ ಸಣ್ಣ ಹಳ್ಳಿಯಿದೆ. ಅಲ್ಲಿ ಪ್ರೊಫೆಸರ್ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ, ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಶಿಲಾಯುಗದವರ ಕಾರ್ಯಸ್ಥಾನವೇ ಬೆಳಕಿಗೆ ಬಂದಿತು. ಅದರ ಕಾಲವು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಗಣನೆಮಾಡಿದ್ದಾರೆ. ಆದರೆ ಆ ಆಯುಧಗಳನ್ನು ಮಾಡಿದವರ ಎಲುಬು ಅಲ್ಲಿ ದೊರೆತಿಲ್ಲ. ಇಡೀ ಭಾರತದಲ್ಲಿಯೇ ಅಷ್ಟು ಪ್ರಾಚೀನವರ್ಗದ ತಲೆಬುರುಡೆಯೆಂದರೆ 1982ರಲ್ಲಿ ನರ್ಮದಾತೀರದ ಹಥನೋರಾದಲ್ಲಿ ಸಿಕ್ಕಿದ ತುಂಡೊಂದೇ ಮುಖ್ಯವಾದುದು. ಕರ್ನಾಟಕದಲ್ಲಿ ಮನುಷ್ಯರ ಅಸ್ಥಿಗಳು ಕ್ರಮವಾಗಿ ದೊರೆಯತೊಡಗುವುದು ನವಶಿಲಾಯುಗದ ಹೂಳಿಕೆಗಳಲ್ಲಿ. ಲಕ್ಷೋಪಲಕ್ಷ ವರ್ಷಗಳ ಕಾಲ ಅವನ ಕೈಗೆಲಸ ಮಾತ್ರ ನಮಗೆ ಕಾಣುತ್ತದೆ. ಅವನ ಮೈ ಕಾಣತೊಡಗುವುದು ಇನ್ನೊಬ್ಬನು ಅವನನ್ನು ಹೂಳಿದ ಮೇಲೆ.

ಆ ನವಶಿಲಾಯುಗದವರು ದನಗಾಹಿಗಳು. ಬಳ್ಳಾರಿ ಸೀಮೆಯ ಕುಡತಿನಿಯೇ ಮೊದಲಾದ ಕಡೆಗಳಲ್ಲಿರುವ ಬೂದಿದಿಬ್ಬಗಳು ಅವರ ದೊಡ್ಡಿಗಳ ಸಗಣಿಯನ್ನು ಸುಟ್ಟುದರಿಂದ ಆದುವು. ಕ್ರಿ. ಪೂ. 3000ದಿಂದ 1200ರವರೆಗಿನ ಕಾಲದಲ್ಲಿ ಅವು ಬೆಳೆದುವೆಂದು ತಿಳಿಯಬರುತ್ತದೆ. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಈ ದಿಬ್ಬಗಳ ನಿಜವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬನು. ಸಂಗನಕಲ್ಲಿನ ಬಳಿಯ ಬಂಡೆಗಳ ಮೇಲೆ ನೀಳವಾದ ಕೊಂಬಿನ ಎತ್ತುಗಳನ್ನು ಕುಟ್ಟಿ ಚಿತ್ರಿಸಿರುವುದನ್ನು ಈಗಲೂ ನೋಡಬಹುದು. ಬೂದಿಯನ್ನೂ ಎತ್ತನ್ನೂ ಒಟ್ಟಿಗೆ ಕಂಡೊಡನೆ ನಮ್ಮವರಿಗೆ ವಿಭೂತಿಯೂ ವೃಷಭನೂ ನೆನಪಾಗುವುದು ಸಹಜ. ಸಗಣಿಯ ಬೂದಿಯಿಂದಲೇ ನಾವು ವಿಭೂತಿಗಟ್ಟಿಯನ್ನು ಮಾಡುವೆವಷ್ಟೆ. ಕೆಲವು ಉತ್ಸಾಹಿಗಳು ಈ ದಿಬ್ಬಗಳನ್ನೇ ಶೈವಧರ್ಮದ ಮೂಲವೆಂದು ಉಪನ್ಯಾಸಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಎರಡಕ್ಕೂ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಆ ಅಂತರವನ್ನು ಭಕ್ತಿಯೊಂದರಿಂದ ದಾಟುವುದು ಚರಿತ್ರಕಾರನ ಮಾರ್ಗವಲ್ಲ.

ಬ್ರಹ್ಮಗಿರಿ, ತೆಕ್ಕಲಕೋಟೆ ಮುಂತಾದ ಕಡೆಗಳಲ್ಲಿ ಈ ಜನರು ದೊಡ್ಡವರನ್ನು ಕುಳಿಯಲ್ಲಿ ನೀಳವಾಗಿ ಮಲಗಿಸುತ್ತಿದ್ದರು. ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ವಾಸದ ಮನೆಯ ನೆಲದಲ್ಲಿಯೇ ಹೂಳುತ್ತಿದ್ದರು. ಮನೆಯ ಒಳಗೆ ಹೆಣವನ್ನು ಹೂಳುವುದೆಂದರೆ ಇಂದಿನ ಗೃಹಸ್ಥರಿಗೆ ಮೈ ಜುಮ್ಮೆನ್ನುವುದು. ಆ ತಾಯಂದಿರಿಗೆ ಹಾಗೆನಿಸಲಿಲ್ಲ; ಮಗುವು ಸತ್ತಮೇಲೂ ಮನೆಯದೇ ಆಗಿತ್ತು. ಸತ್ತವರೆಂದರೆ ಮೈಲಿಗೆಯೆಂಬ ಭಾವನೆಯು ಮನುಷ್ಯನಿಗೆ ಹುಟ್ಟಿನಿಂದ ಬಂದುದೆಂದು ಹೇಳುವವರು ಈ ಮಡಕೆಗಳನ್ನು ನೆನೆಯಬೇಕು.

ಕಬ್ಬಿಣದ ಕಾಲವು ಬಂದಾಗ ದೃಶ್ಯವು ಬದಲಾಗುತ್ತದೆ. ಸುರಪುರ ಸಂಸ್ಥಾನದಲ್ಲಿ 1841ರಿಂದ 1853ರವರೆಗೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ರಾಜನಕೋಳೂರು, ಜೇವರಗಿ ಮೊದಲಾದ ಕಡೆಗಳಲ್ಲಿಯ ಕಲ್ಲುಮನೆಗಳನ್ನೂ ಕಲ್ಗುಂಪೆಗಳನ್ನೂ ತೆಗೆಯಿಸಿ ನೋಡಿ, ಒಳಗಿನ ಮಣ್ಣಿನ ಪದರಗಳನ್ನು ಚಿತ್ರಬರೆದು ಪ್ರಕಟಿಸಿದನು. ನಮ್ಮ ದಾಸೋಹಿ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಿಗೆಯೂ ಅದೇ ಜೇವರಗಿ ಸೀಮೆಯದು. ಟೇಲರನು ಈ ಸಮಾಧಿಗಳನ್ನು ತನ್ನ ದೇಶದ ಪ್ರಾಚೀನ ಶಿಲಾಸಮಾಧಿಗಳಿಗೆ ಹೋಲಿಸಿ, ಎರಡನ್ನೂ ಒಂದೇ ಜನಾಂಗವು ಕಟ್ಟಿತೆಂದು ಭಾವಿಸಿದನು. ಆ ಊಹೆಯು ನಿಲ್ಲಲಿಲ್ಲ. ಅವನ ಚಿತ್ರಗಳು ಮಾತ್ರ ನಿಂತಿವೆ. ಅನಂತರ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಎಂ. ಎಚ್. ಕೃಷ್ಣರೂ, 1947ರಲ್ಲಿ ಮಾರ್ಟಿಮರ್ ವೀಲರನೂ ಅಗೆಸಿ ಶೋಧಿಸಿದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಶಿಲಾಸಮಾಧಿಗಳ ಊರೇ ಇದೆ. ಅವುಗಳಲ್ಲಿ ಕೆಲವು ಆಳೆತ್ತರವನ್ನು ಮೀರುತ್ತವೆ. ಒಂದು ಬಂಡೆಯ ಮೇಲೆ ಬಡಿದರೆ ನಗಾರಿಯಂತೆ ಮೊಳಗುವ ಗುಂಡುಕಲ್ಲೂ ಇದೆ. 2021ರಲ್ಲಿ ಯುನೆಸ್ಕೋ ಸಂಸ್ಥೆಯ ಸಂಭಾವ್ಯ ಪಟ್ಟಿಗೆ ಈ ಸ್ಥಳವು ಸೇರಿತು. ಊರವರು ಇವನ್ನು ಮೋರೇರ ಮನೆಗಳೆಂದು ಕರೆಯುವರು. ಬೇರೆ ಕಡೆಗಳಲ್ಲಿ ಪಾಂಡವರ ಮನೆಗಳೆನ್ನುವುದೂ ವಾಡಿಕೆ.

ಇಷ್ಟು ದೂರ ಹೋಗಬೇಕೆಂದೇನೂ ಇಲ್ಲ. ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ಸಾವನದುರ್ಗವು ಸಿಕ್ಕುತ್ತದೆ. ಅಲ್ಲಿಯ ವೀರಭದ್ರಸ್ವಾಮಿಗೆ ನಡೆದುಕೊಳ್ಳುವ ಒಕ್ಕಲುಗಳು ನಮ್ಮ ಶಿಷ್ಯವರ್ಗದಲ್ಲಿ ಬಹಳವಿದ್ದಾರೆ. ಅದೇ ಬೆಟ್ಟದ ಪರಿಸರದಲ್ಲಿ ಹಿಂದಿನವರ ಕಲ್ಲುಸಮಾಧಿಗಳ ದೊಡ್ಡ ಸ್ಮಶಾನವಿರುವುದನ್ನು ಬ್ರಾನ್‌ಫಿಲ್ ಎಂಬ ಸೇನಾಧಿಕಾರಿಯು 1881ರಲ್ಲಿಯೇ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ವಿವರಿಸಿದನು. ನಗರದ ಪೂರ್ವಕ್ಕೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1950ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿಯವರು ಇಂತಹವನ್ನೇ ಅಗೆಸಿದರು. ಬೆಂಗಳೂರು ಎಂಬ ಹೆಸರು ಹುಟ್ಟುವುದಕ್ಕೆ ಬಹು ಹಿಂದೆಯೇ ಈ ನೆಲವು ಸತ್ತವರಿಗಾಗಿ ಕಲ್ಲನ್ನು ಎತ್ತಿದವರ ನೆಲವಾಗಿತ್ತು.

ಈ ಸಮಾಧಿಗಳ ಒಳಗೆ ಏನಿದೆ? ಕಪ್ಪುಕೆಂಪು ಮಡಕೆಗಳು, ಕಬ್ಬಿಣದ ಬಾಣ, ಕೊಡಲಿ, ಕತ್ತಿಗಳು, ಮಣಿಗಳು; ಮತ್ತು ಬಿಡಿಬಿಡಿಯಾದ ಎಲುಬುಗಳು. ಬ್ರಹ್ಮಗಿರಿಯಲ್ಲಿ ಒಂದೇ ಕಲ್ಲುಪೆಟ್ಟಿಗೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಎಲುಬುಗಳಿದ್ದುವು. ಶವವನ್ನು ಮೊದಲು ಬೇರೆಡೆಯಲ್ಲಿ ಬಯಲಿಗೆ ಬಿಟ್ಟು, ಮಾಂಸವು ಕಳೆದ ಮೇಲೆ ಅಸ್ಥಿಗಳನ್ನು ಮಾತ್ರ ತಂದು ಇಟ್ಟಿರಬೇಕೆಂದು ವೀಲರನು ನಿರ್ಣಯಿಸಿದನು. ಪೆಟ್ಟಿಗೆಯ ಪೂರ್ವದ ಕಡೆಯ ಚಪ್ಪಡಿಯಲ್ಲಿ ದುಂಡಾದ ಕಂಡಿಯನ್ನು ಕೊರೆದಿರುತ್ತಾರೆ. ಪಾತ್ರೆ ಆಯುಧಗಳನ್ನು ನೋಡಿದರೆ ಸತ್ತವನಿಗೆ ಮುಂದೆ ಒಂದು ಪ್ರಯಾಣವಿದೆಯೆಂದೂ ಅಲ್ಲಿಯೂ ಉಣ್ಣಬೇಕು, ಹೋರಾಡಬೇಕೆಂದೂ ನಂಬಿದ್ದಂತೆ ಕಾಣುತ್ತದೆ. ಇದು ಒಂದು. ಇನ್ನೊಂದು ಅದಕ್ಕಿಂತ ಮುಖ್ಯವಾದುದು. ಟನ್ನುಗಟ್ಟಲೆ ತೂಕದ ಚಪ್ಪಡಿಗಳನ್ನು ಸೀಳಿ, ಸಾಗಿಸಿ, ನಿಲ್ಲಿಸಿ, ಮೇಲೆ ಮುಚ್ಚಳವನ್ನು ಹೊದಿಸಬೇಕಾದರೆ ಹತ್ತಾರು ಆಳುಗಳು ಬಹುದಿನ ದುಡಿಯಬೇಕು. ಇಂತಹ ಮನೆಯು ಎಲ್ಲರಿಗೂ ದೊರೆಯಲು ಸಾಧ್ಯವೇ ಇಲ್ಲ. ದುಡಿದ ಆಳುಗಳನ್ನು ಎಲ್ಲಿ ಹೂಳಿದರೋ ಬಲ್ಲವರಿಲ್ಲ. ನವಶಿಲಾಯುಗದ ಮಗುವಿಗೆ ಮನೆಯ ನೆಲದಲ್ಲಿ ಜಾಗವಿತ್ತು. ಕಬ್ಬಿಣದ ಕಾಲದಲ್ಲಿ ಸಾವಿನ ಗೌರವವು ದೊಡ್ಡವರ ಸೊತ್ತಾಯಿತು. ವಿಕಾಸವೆಂದರೆ ಸದಾ ಮೇಲಕ್ಕೇರುವ ಮೆಟ್ಟಿಲೆಂದು ತಿಳಿದವರು ಇದನ್ನು ಗಮನಿಸಬೇಕು. ಕೈಯ ಚಾತುರ್ಯವು ಹೆಚ್ಚಿದಂತೆ ಹೃದಯವು ಹಿಂದೆ ಬಿದ್ದ ಕಾಲಗಳೂ ಉಂಟು.

ಕ್ರಿಸ್ತಶಕದ ಶತಮಾನಗಳಲ್ಲಿಯೂ ಇದೇ ನಡೆಯಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 600ರಿಂದ ಆರಂಭವಾಗುವ ನಿಸಿದಿ ಶಾಸನಗಳು ವ್ರತದಿಂದ ದೇಹಬಿಟ್ಟ ಮುನಿಗಳವು, ಆರ್ಯಿಕೆಯರವು. ಹೆಬ್ಬಾಳದಲ್ಲಿ ಸಿಕ್ಕಿದ ಸುಮಾರು 750ರ ಕಲ್ಲು ಕಿತ್ತಯ್ಯನೆಂಬ ವೀರನದು. ಬೇಗೂರಿನ ಸುಮಾರು 890ರ ಶಾಸನವು ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವರು ಮಡಿದುದನ್ನು ಹೇಳುತ್ತದೆ. ನಮ್ಮ ನಗರದ ಹೆಸರು ಮೊಟ್ಟಮೊದಲು ಲಿಪಿಗೆ ಬಂದುದು ಹೀಗೆ ಸತ್ತವರ ಲೆಕ್ಕದಲ್ಲಿ. ಕಲ್ಲು ಬೇಕಾದರೆ ವೀರನಾಗಬೇಕು, ಯತಿಯಾಗಬೇಕು, ಇಲ್ಲವೆ ಅರಸನಾಗಬೇಕು. ನೇಗಿಲು ಹಿಡಿದವನಿಗೂ ಬಟ್ಟೆ ಒಗೆದವನಿಗೂ ಕಲ್ಲಿಲ್ಲ.

ಶಾಸ್ತ್ರಗಳ ವಿಷಯವೂ ಹಾಗೆಯೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಹದಿನಾರನೆಯ ಸೂಕ್ತವು ಅಗ್ನಿಗೆ ಒಪ್ಪಿಸುವುದನ್ನೂ ಹದಿನೆಂಟನೆಯ ಸೂಕ್ತವು ಭೂಮಿಗೆ ಒಪ್ಪಿಸುವುದನ್ನೂ ಹೇಳುತ್ತವೆ. ಆದುದರಿಂದ ಹೂಳುವುದು ಅವೈದಿಕ, ಸುಡುವುದು ವೈದಿಕ ಎಂದು ಸುಲಭವಾಗಿ ಗೆರೆ ಎಳೆಯುವಂತಿಲ್ಲ. ಕಾಲಕ್ರಮದಲ್ಲಿ ದಹನವೇ ಗೃಹಸ್ಥರ ನಿಯಮವಾಯಿತು. ಎರಡು ವರ್ಷ ತುಂಬದ ಶಿಶುವನ್ನು ಹೂಳಬೇಕೆಂದು ಮನುಸ್ಮೃತಿಯು ವಿಧಿಸಿತು. ಅಗ್ನಿಗಳನ್ನು ತನ್ನೊಳಗೇ ಆರೋಪಿಸಿಕೊಂಡ ಸಂನ್ಯಾಸಿಗೆ ಸಮಾಧಿಯೇ ಉಚಿತವೆಂದಾಯಿತು. ಕುಳಿತ ಭಂಗಿಯಲ್ಲಿ ಯೋಗಸ್ಥನಂತೆ ಮಣ್ಣನ್ನು ಸೇರುವುದು ಯತಿಗೆ ಮೀಸಲಾದ ಮರ್ಯಾದೆಯಾಯಿತು.

ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಆರಂಭಿಸಿದ ಮಾರ್ಗದ ಮಹತ್ತ್ವವು ಇಲ್ಲಿ ಕಾಣುತ್ತದೆ. ಹೂಳುವ ಪದ್ಧತಿ ಅವರು ಹೊಸದಾಗಿ ಕಂಡುಹಿಡಿದುದಲ್ಲ. ಕುಳ್ಳಿರಿಸುವ ಕ್ರಮವೂ ಹೊಸದಲ್ಲ. ಯತಿಯೊಬ್ಬನಿಗೆ ಸಲ್ಲುತ್ತಿದ್ದುದನ್ನು ಲಿಂಗವಂತರಾದ ಎಲ್ಲರಿಗೂ ಸಲ್ಲಿಸಿದುದು ಹೊಸದು. ಸಮಗಾರ ಹರಳಯ್ಯನೂ, ಮಡಿವಾಳ ಮಾಚಯ್ಯನೂ, ಡೋಹರ ಕಕ್ಕಯ್ಯನೂ ದೀಕ್ಷೆಯಿಂದ ಒಂದಾದರು. ಆ ಒಂದಾಗುವಿಕೆಯು ಸಾವಿನಲ್ಲಿಯೂ ಮುರಿಯಬಾರದು. ಗೃಹಸ್ಥನಿಗೂ ಗೃಹಿಣಿಗೂ ಒಂದೇ ವಿಧಾನ: ಮೈತೊಳೆದು, ವಿಭೂತಿ ಧರಿಸಿ, ಕುಳ್ಳಿರಿಸಿ, ಇಷ್ಟಲಿಂಗವನ್ನು ಎಡದ ಕರಸ್ಥಲದಲ್ಲಿಟ್ಟು, ಕುಳಿಯ ಗೂಡಿನಲ್ಲಿ ಇರಿಸಿ, ವಿಭೂತಿ ಪತ್ರೆಗಳೊಡನೆ ಮಣ್ಣನ್ನು ಕೊಡುವುದು. ಗಂಡಸರಿಗೊಂದು, ಹೆಂಗಸರಿಗೊಂದು ಎಂಬ ಭೇದವಿಲ್ಲ. ಸಂನ್ಯಾಸದ ಅಧಿಕಾರವೇ ಸ್ತ್ರೀಗೆ ಸಂದೇಹವಾಗಿದ್ದ ಕಾಲದಲ್ಲಿ ಯತಿಯ ಸಮಾಧಿಯನ್ನು ಒಕ್ಕಲುಗಿತ್ತಿಗೆ ಕೊಟ್ಟರೆಂಬುದು ಅಲ್ಪ ವಿಷಯವಲ್ಲ.

ಕಬ್ಬಿಣದ ಕಾಲದ ಕಲ್ಲುಪೆಟ್ಟಿಗೆಯೊಡನೆ ಇದನ್ನು ಹೋಲಿಸಿ ನೋಡಿರಿ. ಅಲ್ಲಿ ಪಾತ್ರೆಗಳಿವೆ, ಆಯುಧಗಳಿವೆ, ಕಂಡಿಯಿದೆ. ಇಲ್ಲಿ ಅಂಗೈಯ ಲಿಂಗವೊಂದೇ. ಪ್ರಯಾಣವೇ ಇಲ್ಲವೆಂದಮೇಲೆ ಬುತ್ತಿ ಏತಕ್ಕೆ? ಲಿಂಗದಲ್ಲಿ ಐಕ್ಯನಾದವನು ಹೋಗಬೇಕಾದ ಬೇರೆ ಲೋಕವಿಲ್ಲ. ಪ್ರೇತವಾಗಿ ಅಲೆಯುವನೆಂಬ ಭಯವಿಲ್ಲ. ಆದುದರಿಂದ ಪಿಂಡವಿಲ್ಲ, ಶ್ರಾದ್ಧವಿಲ್ಲ. ಶರೀರವನ್ನೇ ಶಿವನ ಆಲಯವೆಂದು ತಿಳಿದವರು ಆಲಯಕ್ಕೆ ಬೆಂಕಿಯಿಕ್ಕಲು ಒಪ್ಪಲಿಲ್ಲ. ಈಚೆಗೆ ಕೆಲವರು, ಲಿಂಗಾಯತರ ಸಮಾಧಿಯು ಆ ಬೃಹತ್ ಶಿಲಾಸಮಾಧಿಗಳ ನೇರವಾದ ಸಂತಾನವೆಂದು ಬರೆಯುತ್ತಾರೆ. ಹೊರಗಿನ ರೂಪವನ್ನು ಮಾತ್ರ ನೋಡಿದರೆ ಹಾಗೆ ತೋರಬಹುದು. ನಮ್ಮ ನಾಡಿನಲ್ಲಿ ಹೂಳುವ ವಾಡಿಕೆಯು ಅನೇಕ ಜನವರ್ಗಗಳಲ್ಲಿ ಎಡೆಬಿಡದೆ ಇದ್ದೇ ಇತ್ತು. ಆ ವರ್ಗಗಳಿಂದ ಬಂದವರೇ ಶರಣರಲ್ಲಿ ಬಹುಮಂದಿ. ಅಷ್ಟನ್ನು ಒಪ್ಪಬೇಕು. ಸಂಸ್ಕೃತಿಯು ಮಣ್ಣನ್ನು ಒದಗಿಸಿತು. ಆದರೆ ಕುಳಿಯ ಅರ್ಥವನ್ನು ತಲೆಕೆಳಗು ಮಾಡಿದುದು ಧರ್ಮ. ಜೀವಜಾತಿಗಳ ವಿಕಾಸದಲ್ಲಿಯೂ ಹೀಗೆಯೇ ಅಲ್ಲವೆ? ಈಜಲು ಒದಗಿದ ಅಂಗವೇ ಮುಂದೆ ನಡೆಯುವ ಕಾಲಾಗುತ್ತದೆ. ಹೊಸ ಅಂಗವು ಆಕಾಶದಿಂದ ಬೀಳುವುದಿಲ್ಲ. ಧರ್ಮವು ಮೇಲಿನಿಂದ ಇಳಿಯಿತೊ, ಕೆಳಗಿನಿಂದ ಬೆಳೆಯಿತೊ ಎಂಬ ವಿದ್ಯಾರ್ಥಿಗಳ ಪ್ರಶ್ನೆಗೆ ನನಗೆ ತೋಚುವ ಉತ್ತರವು ಇದೇ: ಆಚಾರವು ಕೆಳಗಿನಿಂದ ಬೆಳೆಯಿತು, ಅನುಭಾವವು ಅದನ್ನು ಒಳಗಿನಿಂದ ಬದಲಾಯಿಸಿತು.

ಈ ಬದಲಾವಣೆಯ ತಿರುಳು ಸೂತಕದ ನಿರಾಕರಣೆಯಲ್ಲಿದೆ. ಫ್ರೆಂಚ್ ವಿದ್ವಾಂಸನಾದ ರೋಬರ್ ಹರ್ಟ್ಸ್ ಎಂಬವನು 1907ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅನೇಕ ಜನಾಂಗಗಳು ಶವವು ಕೊಳೆಯುವ ಕಾಲವನ್ನು ಭಯಂಕರವೆಂದೂ ಮೈಲಿಗೆಯೆಂದೂ ಎಣಿಸಿ, ಎಲುಬು ಒಣಗಿದ ಮೇಲೆ ಎರಡನೆಯ ಸಂಸ್ಕಾರವನ್ನು ಮಾಡಿ ದುಃಖದಿಂದ ಬಿಡುಗಡೆ ಹೊಂದುವರೆಂದು ತೋರಿಸಿದನು. ಬ್ರಹ್ಮಗಿರಿಯ ಬಿಡಿ ಎಲುಬುಗಳಿಗೆ ಈ ವಿವರಣೆಯು ಹೊಂದುತ್ತದೆ. ಹೆಣದ ಭಯವು ಹೆಣವನ್ನು ಮುಟ್ಟುವವರ ಮೇಲಿನ ತಿರಸ್ಕಾರವಾಗಿ ತಿರುಗುವುದಕ್ಕೆ ಬಹಳ ಕಾಲ ಬೇಕಾಗಲಿಲ್ಲ. ಕುಳಿ ತೋಡುವವನು, ಸೌದೆ ಒಟ್ಟುವವನು, ಸತ್ತ ದನವನ್ನು ಎಳೆಯುವವನು ಊರ ಹೊರಗಾದನು. ಸಾವಿನ ಮೈಲಿಗೆಯೂ ಜಾತಿಯ ಮೈಲಿಗೆಯೂ ಒಂದೇ ಬೇರಿನ ಎರಡು ಕೊಂಬೆಗಳು. ಶರಣರಿಗೆ ಇದು ಚೆನ್ನಾಗಿ ತಿಳಿದಿದ್ದಿತು. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದನ್ನೂ ಒಟ್ಟಿಗೆ ಎಣಿಸಿ, ಲಿಂಗವಿದ್ದ ಮೈಗೆ ಈ ಪಂಚಸೂತಕಗಳಿಲ್ಲವೆಂದು ತೊಡೆದುಹಾಕಿದರು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆಯುವಂತಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತರದಿದ್ದರೆ, ಈ ವಿಷಯದಲ್ಲಿ ಶರಣರ ಮಾತು ಎಷ್ಟು ಖಂಡಿತವಾಗಿತ್ತೆಂಬುದು ಜನಸಾಮಾನ್ಯರಿಗೆ ತಿಳಿಯುತ್ತಿರಲಿಲ್ಲ.

ಇನ್ನು ಮುಂದಿನ ಮಾತು ನಮ್ಮವರಿಗೆ ಸ್ವಲ್ಪ ಕಹಿಯಾಗಬಹುದು. ಮಹೋತ್ಸವದ ಸಂಪುಟದಲ್ಲಿ ಕಹಿಗೂ ಒಂದಿಷ್ಟು ಎಡೆಯಿರಲಿ.

ನಗರದ ಸದ್ಭಕ್ತರ ಮನೆಗಳಲ್ಲಿ ಒಬ್ಬರು ಲಿಂಗೈಕ್ಯರಾದೊಡನೆ ಸೂತಕವೆಂದು ದಿನ ಎಣಿಸುವುದು, ಅಷ್ಟು ದಿವಸ ಇಷ್ಟಲಿಂಗದ ಪೂಜೆಯನ್ನೇ ನಿಲ್ಲಿಸುವುದು, ನೆರೆಯವರು ಅಲ್ಲಿ ನೀರು ಮುಟ್ಟದಿರುವುದು ಈಗ ಸಾಮಾನ್ಯವಾಗಿದೆ. ಲಿಂಗಕ್ಕೆ ಸೂತಕ ತಟ್ಟುವುದಾದರೆ ಅದನ್ನು ಶವದ ಕೈಯಲ್ಲಿ ಇಡುವುದೇಕೆ? ಪ್ರಶ್ನಿಸಿದರೆ, ಸುತ್ತಮುತ್ತಿನವರು ಆಡಿಕೊಳ್ಳುತ್ತಾರೆ ಎನ್ನುವರು. ಇನ್ನೂ ನೋವಿನ ಸಂಗತಿಯೆಂದರೆ, ಹಲವು ಊರುಗಳಲ್ಲಿ ಒಳಪಂಗಡಕ್ಕೊಂದು ರುದ್ರಭೂಮಿ. ದೀಕ್ಷೆಯಲ್ಲಿ ಒಂದಾದವರು ಮಣ್ಣಿನಲ್ಲಿ ಬೇರೆ. ನಮ್ಮವರ ಹೆಣಕ್ಕೆ ಕುಳಿ ತೋಡುವ ಕುಟುಂಬಗಳ ಹೆಣಕ್ಕೆ ನಮ್ಮ ರುದ್ರಭೂಮಿಯಲ್ಲಿ ಜಾಗವಿಲ್ಲ. ಹಿರೇಬೆಣಕಲ್ಲಿನಲ್ಲಿ ಚಪ್ಪಡಿ ಹೊತ್ತವನ ಗತಿಯು ಇದಕ್ಕಿಂತ ಬೇರೆಯಾಗಿರಲಿಕ್ಕಿಲ್ಲ.

ಗದ್ದುಗೆಗಳ ವಿಷಯವನ್ನೂ ಸಂಕೋಚವಿಲ್ಲದೆ ಹೇಳಬೇಕು. ಬಸವಣ್ಣನವರ ಐಕ್ಯಸ್ಥಳವು ಕೂಡಲಸಂಗಮದ ನದೀಸಂಗಮದಲ್ಲಿತ್ತು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಬಂದಾಗ ಅದನ್ನು ಬಾವಿಯಂತೆ ಸುತ್ತಲೂ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಯಿತು. ಚೆನ್ನಬಸವಣ್ಣನವರದು ಉಳವಿಯ ಕಾಡಿನಲ್ಲಿ. ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೂ ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಪರಂಪರೆಯು ಹೇಳುತ್ತದೆ. ಅವರಿಗೆ ಗೋಪುರಗಳನ್ನು ಅವರ ಕಾಲದವರು ಎತ್ತಲಿಲ್ಲ. ಮಠಗಳು ಬೆಳೆದಂತೆ ಗುರುಗಳ ಗದ್ದುಗೆಗಳು ಅಮೃತಶಿಲೆಯಿಂದ ಎತ್ತರವಾದುವು. ಸಾಮಾನ್ಯ ಭಕ್ತನ ಕುಳಿಯ ಗುರುತು ಎರಡು ಮಳೆಗಾಲಕ್ಕೆ ಅಳಿಯತೊಡಗಿತು. ಗುರುವಿನಲ್ಲಿಯ ಗೌರವದಿಂದ ಗದ್ದುಗೆಯನ್ನು ಕಟ್ಟುವುದು ದೋಷವಲ್ಲ. ಅವನಿಗೂ ಒಕ್ಕಲಿಗನಿಗೂ ಕುಳಿಯ ಒಳಗೆ ಒಂದೇ ವಿಧಾನ ಎಂಬುದನ್ನು ಮೇಲಿನ ಅಮೃತಶಿಲೆಯು ಮರೆಸಿದರೆ ಮಾತ್ರ ಕಷ್ಟ. ಕಲ್ಲಿನ ಗಾತ್ರದಿಂದ ಸತ್ತವರನ್ನು ಅಳೆಯುವ ಕಾಲದಿಂದಲೇ ನಾವು ಹೊರಟುಬಂದವರಲ್ಲವೆ?

ನಮ್ಮ ರಾಜರಾಜೇಶ್ವರಿನಗರದ ಸ್ಥಿತಿಯನ್ನು ನೋಡಿದರೆ ಈ ವಿಚಾರವು ಬರಿಯ ಪಾಂಡಿತ್ಯದ ಮಾತಾಗಿ ಉಳಿಯುವುದಿಲ್ಲ. ಶ್ರೀ ತಿರುಚ್ಚಿ ಮಹಾಸ್ವಾಮಿಗಳವರು 1960ರಲ್ಲಿ ಕೈಲಾಸಾಶ್ರಮವನ್ನು ಸ್ಥಾಪಿಸಿ, ಅನಂತರ ರಾಜರಾಜೇಶ್ವರಿಯ ಗುಡಿಯು ಎದ್ದು ಈ ಹೆಸರು ನೆಲೆಗೊಳ್ಳುವ ಮೊದಲು ಇದು ಹಲಗೆವಡೇರಹಳ್ಳಿ, ಪಟ್ಟಣಗೆರೆ, ಕೆಂಚೇನಹಳ್ಳಿ ಮೊದಲಾದ ಹಳ್ಳಿಗಳ ಹೊಲಗದ್ದೆ. ವೃಷಭಾವತಿಯು ಆಗ ಹೊಳೆಯಾಗಿಯೇ ಹರಿಯುತ್ತಿತ್ತು; ಈಗ ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಯ ಕಡೆಗೆ ಸಾಗುತ್ತಿದೆ. ಹಳ್ಳಿಯವರು ತಮ್ಮ ಹೊಲದ ಬದುವಿನಲ್ಲಿ, ತೋಟದ ಮೂಲೆಯಲ್ಲಿ ಹಿರಿಯರನ್ನು ಸಮಾಧಿಮಾಡಿ ವರ್ಷಕ್ಕೊಮ್ಮೆ ಎಡೆಯಿಡುತ್ತಿದ್ದರು. ಹೊಲಗಳು ನಿವೇಶನಗಳಾಗಿ, ನಿವೇಶನಗಳ ಮೇಲೆ ಹತ್ತು ಅಂತಸ್ತಿನ ಮನೆಗಳೆದ್ದಮೇಲೆ ಆ ಮೂಲೆಗಳು ಏನಾದುವೆಂಬುದನ್ನು ಕೇಳುವವರಿಲ್ಲ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ವಿಜಯಪುರಗಳ ಕಡೆಯಿಂದ ಬಂದು ನೆಲಸಿದ ಭಕ್ತರಲ್ಲಿ ಅನುಕೂಲವುಳ್ಳವರು ಶವವನ್ನು ರಾತ್ರಿಯ ಪ್ರಯಾಣಮಾಡಿ ಹುಟ್ಟೂರಿಗೆ ಒಯ್ಯುತ್ತಾರೆ. ಅನುಕೂಲವಿಲ್ಲದವರು ನಗರದ ರುದ್ರಭೂಮಿಯಲ್ಲಿ ಹಳೆಯ ಕುಳಿಯ ಪಕ್ಕದಲ್ಲಿ, ಕೆಲವೊಮ್ಮೆ ಹಳೆಯ ಕುಳಿಯಲ್ಲಿಯೇ, ಜಾಗ ಹುಡುಕುತ್ತಾರೆ. ಕುಳ್ಳಿರಿಸಿ ಗೂಡು ಮಾಡುವಷ್ಟು ಅಗಲವಿಲ್ಲದುದರಿಂದ ಮಲಗಿಸಿ ಮಣ್ಣು ಕೊಟ್ಟ ಸಂದರ್ಭಗಳೂ ಉಂಟು. ವಿದ್ಯುತ್ ಚಿತಾಗಾರಕ್ಕೆ ಒಯ್ಯಬಹುದೆ ಎಂದು ಕೇಳುವವರು ಬರುತ್ತಾರೆ. ಸತ್ತಮೇಲೆ ದೇಹವನ್ನು ವೈದ್ಯವಿದ್ಯಾರ್ಥಿಗಳಿಗೆ ದಾನಮಾಡಿದರೆ ಲಿಂಗವನ್ನು ಏನು ಮಾಡಬೇಕೆಂದು ಕೇಳುವವರೂ ಬರುತ್ತಾರೆ.

ಈ ಪ್ರಶ್ನೆಗಳ ನಿರ್ಣಯವು ಪೂಜ್ಯರ ಸನ್ನಿಧಿಗೆ ಸೇರಿದುದು. ನನ್ನಂತಹ ಪಾಠಶಾಲೆಯ ಪಂಡಿತನು ಚರಿತ್ರೆಯು ತೋರಿಸುವಷ್ಟನ್ನು ಮಾತ್ರ ಅರಿಕೆಮಾಡಬಹುದು. ಹೂಳುವ ರೂಪವು ನಮ್ಮ ನಾಡಿನಲ್ಲಿ ಐದು ಸಾವಿರ ವರ್ಷಗಳಿಂದ ನಾಲ್ಕಾರು ಸಾರಿ ಬದಲಾಗಿದೆ: ಮಡಕೆ, ನೀಳವಾದ ಕುಳಿ, ಕಲ್ಲುಪೆಟ್ಟಿಗೆ, ಯತಿಯ ಸಮಾಧಿ, ಭಕ್ತನ ಸಮಾಧಿ. ಇನ್ನೊಮ್ಮೆ ಬದಲಾದರೆ ಧರ್ಮವು ಕೆಡುವುದಿಲ್ಲ. ಕುಳ್ಳಿರಿಸಲು ಎಡೆಯಿಲ್ಲದೆ ಮಲಗಿಸಿದುದರಿಂದ ಯಾವ ಭಕ್ತನ ಐಕ್ಯಕ್ಕೂ ಕುಂದು ಬಂದಿಲ್ಲ. ದೇಹದಾನದ ವಿಷಯದಲ್ಲಿ ನನಗೆ ವಿರೋಧವು ತೋರುವುದಿಲ್ಲ. ಬದುಕಿರುವಾಗ ದಾಸೋಹಕ್ಕೆ ಸಲ್ಲಿಸಿದ ತನುವನ್ನು ಸತ್ತಮೇಲೂ ಸಲ್ಲಿಸಿದಂತಾಯಿತು, ಲಿಂಗವನ್ನು ಗುರುಗಳಿಗೆ ಒಪ್ಪಿಸಬಹುದು. ಆದರೆ ಸಾಹುಕಾರನು ಎಕರೆ ಜಮೀನಿನಲ್ಲಿ ಕುಳಿತು, ಬಡ ಭಕ್ತನು ಹಳೆಯ ಕುಳಿಯಲ್ಲಿ ಒತ್ತಿಕೊಂಡು ಮಲಗುವಂತಾದರೆ, ಅಥವಾ ಒಳಪಂಗಡದ ಹೆಸರು ಕೇಳಿ ರುದ್ರಭೂಮಿಯ ಬಾಗಿಲನ್ನು ತೆರೆಯುವಂತಾದರೆ, ರೂಪವು ಎಷ್ಟೇ ಶಾಸ್ತ್ರೀಯವಾಗಿದ್ದರೂ ನಾವು ಸಾವನದುರ್ಗದ ಕಲ್ಲುಪೆಟ್ಟಿಗೆಗಳ ಕಾಲಕ್ಕೆ ಮರಳಿದಂತೆಯೇ ಸರಿ.

ಮೇಲೆ ಹೇಳಿದ ಹಳ್ಳಿಗಳಲ್ಲಿ ತಮ್ಮ ಅಜ್ಜ ಅಜ್ಜಿಯರನ್ನು ಎಲ್ಲಿ ಮಣ್ಣುಮಾಡಿದರೆಂದು ಕೈತೋರಿಸಿ ಹೇಳಬಲ್ಲ ವೃದ್ಧರು ಇನ್ನೂ ಕೆಲವರಿದ್ದಾರೆ. ಆ ಸ್ಥಳಗಳನ್ನು ಪಂಗಡಭೇದವಿಲ್ಲದೆ, ಕುಳಿ ತೋಡುತ್ತಿದ್ದವರ ಕೇರಿಯ ಸಮಾಧಿಗಳನ್ನೂ ಸೇರಿಸಿ, ಪಟ್ಟಿಮಾಡುವ ಕೆಲಸವನ್ನು ಪಾಠಶಾಲೆಯ ವಿದ್ಯಾರ್ಥಿಗಳು ಈ ಮಹೋತ್ಸವದ ವರ್ಷದಲ್ಲಿಯೇ ಕೈಗೊಳ್ಳಬಹುದು. ಒಂದು ದಫ್ತರವೂ, ನಡೆಯಲು ಬಲವಾದ ಕಾಲುಗಳೂ ಇದ್ದರೆ ಸಾಕು.